ಎರಡು ದೇಶಗಳ ಕೊನೆಯ ಊರು

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಕ್ರಮ ಪರಿಚಿತವಾಗಿರುತ್ತದೆ. ಅರಸನ ಬಿರುದು, ದಾನ ಪಡೆದವನ ಗುಣ, ದಾನದ ತಿಥಿ ಇವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಶಾಸನಕಾರನು ಭೂಮಿಯ ಚತುಸ್ಸೀಮೆಗೆ ಬರುತ್ತಾನೆ. ಮೂಡಲು ಇಂಥ ಕೆರೆ, ತೆಂಕಲು ಇಂಥ ಹಳ್ಳ, ಪಡುವಲು ಒಂದು ಹುತ್ತ, ಬಡಗಲು ನೆಟ್ಟ ಕಲ್ಲು. ಕೆಲವೆಡೆ ಆ ಕಲ್ಲಿನ ಮೇಲೆ ಲಿಂಗಮುದ್ರೆ, ಕೆಲವೆಡೆ ವಾಮನಮುದ್ರೆ. ಊರಿನ ಯಾವ ದನಗಾಹಿ ಹುಡುಗನಾದರೂ ಈ ಎಲ್ಲೆಯನ್ನು ನಡೆದು ತೋರಿಸಬಲ್ಲ. ಅಲ್ಲಿ ಊರು ಮೊದಲು, ಎಲ್ಲೆ ಆಮೇಲೆ. ಮಾರಿಹಬ್ಬದ ಕೊನೆಗೆ ಮಾರಿಯನ್ನು ಸೀಮೆಯಾಚೆ ಬಿಟ್ಟು ಬರುವ ನಮ್ಮ ಹಳ್ಳಿಗರಿಗೂ ಸೀಮೆ ಎಂದರೆ ಇದೇ ಅರ್ಥ. ಊರು ತಾನೇ ತಿಳಿದು ತಾನೇ ಇಟ್ಟುಕೊಂಡ ಮೇರೆ.

ಇಂದು ನಾನು ಹೇಳಹೊರಟಿರುವುದು ಇದಕ್ಕೆ ವಿಪರೀತವಾದ ಒಂದು ಊರಿನ ಸಂಗತಿಯನ್ನು. ಅದರ ಎಲ್ಲೆಯನ್ನು ಊರಿನವರು ಯಾರೂ ಗುರುತಿಸಲಿಲ್ಲ. ದೂರದ ನಗರಗಳಲ್ಲಿ, ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡವರು ಗುರುತಿಸಿದರು. ಇಪ್ಪತ್ತಮೂರು ವರ್ಷಗಳ ಅಂತರದಲ್ಲಿ ಆ ಗೆರೆ ಎರಡು ಬಾರಿ ಊರಿನ ಮಗ್ಗುಲಿಗೆ ಬಂದು ನಿಂತಿತು. ಮೊದಲು ಮೇಲಿನ ಮಗ್ಗುಲಿಗೆ, ಆಮೇಲೆ ಕೆಳಗಿನ ಮಗ್ಗುಲಿಗೆ. ಊರು ಮಾತ್ರ ಇದ್ದಲ್ಲಿಯೇ ಇದೆ. ಅದರ ಹೆಸರು ತುರ್ತುಕ್.

ಲಡಾಖಿನ ಮುಖ್ಯ ಪಟ್ಟಣವಾದ ಲೇಹ್‌ನಿಂದ ತುರ್ತುಕ್‌ಗೆ ಸುಮಾರು 200 ಕಿಲೋಮೀಟರ್ ದಾರಿ. ಮೊದಲು 5,300 ಮೀಟರಿಗೂ ಮೀರಿದ ಎತ್ತರದ ಖರ್ದುಂಗ್ ಲಾ ಕಣಿವೆಬಾಯಿಯನ್ನು ಏರಿ ದಾಟಬೇಕು. ಅಲ್ಲಿಂದ ನುಬ್ರಾ ಪ್ರದೇಶಕ್ಕೆ ಇಳಿದು ಶ್ಯೋಕ್ ನದಿಯ ಜೊತೆಗೆ ವಾಯವ್ಯ ದಿಕ್ಕಿಗೆ ಸಾಗಬೇಕು. ಈ ಶ್ಯೋಕ್ ನದಿಯ ನಡೆ ವಿಚಿತ್ರವಾದದ್ದು. ರಿಮೋ ಹಿಮನದಿಯಲ್ಲಿ ಹುಟ್ಟಿ ಮೊದಲು ಆಗ್ನೇಯಕ್ಕೆ ಹರಿಯುತ್ತದೆ. ಪರ್ವತ ಅಡ್ಡವಾದಾಗ ಥಟ್ಟನೆ ತಿರುಗಿ, ಬಂದ ದಿಕ್ಕಿಗೇ ಹಿಂದಿರುಗುವಂತೆ ವಾಯವ್ಯಕ್ಕೆ ಹೊರಳುತ್ತದೆ. ನುಬ್ರಾ ನದಿಯನ್ನು ಕೂಡಿಸಿಕೊಂಡು, ಕಾರಕೋರಂ ಮತ್ತು ಲಡಾಖ್ ಶ್ರೇಣಿಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿ, ಬಾಲ್ತಿಸ್ತಾನದ ಖಪ್ಲು ಪಟ್ಟಣದ ಬದಿಯಲ್ಲಿ ಹಾದು, ಸ್ಕರ್ದುವಿಗೆ ಮೊದಲೇ ಸಿಂಧೂ ನದಿಯನ್ನು ಸೇರುತ್ತದೆ. ಈ ಇಕ್ಕಟ್ಟಿನಲ್ಲಿ ನದಿಯ ಕೆಳದಿಕ್ಕಿಗೆ ನಡೆದಂತೆ ಬೊಗ್ದಂಗ್, ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಂಗ್ ಎಂಬ ಊರುಗಳು ಒಂದರ ಮುಂದೊಂದು ಬರುತ್ತವೆ. ಈ ಐದು ಹೆಸರುಗಳನ್ನು ಕೇಳುಗರು ದಯವಿಟ್ಟು ಇದೇ ಅನುಕ್ರಮದಲ್ಲಿ ನೆನಪಿಡಬೇಕು. ಮುಂದಿನ ಕಥೆಯೆಲ್ಲ ಈ ಅನುಕ್ರಮದಲ್ಲಿಯೇ ಅಡಗಿದೆ.

ಲಡಾಖ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬೋಳು ಬೆಟ್ಟ, ಮರಳು, ಗಾಳಿ. ತುರ್ತುಕ್ ಹಾಗಿಲ್ಲ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ 3,500 ಮೀಟರ್ ಎತ್ತರದಲ್ಲಿದ್ದರೆ ಈ ಊರು ಸುಮಾರು 3,000 ಮೀಟರ್ ಎತ್ತರದಲ್ಲಿದೆ. ಐನೂರು ಮೀಟರಿನ ಈ ಇಳಿತದಿಂದಾಗಿ ಒಂದೇ ಹೊಲದಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯಲು ಸಾಧ್ಯವಾಗಿದೆ. ಮೊದಲು ಜವೆಗೋಧಿ, ಅದನ್ನು ಕೊಯ್ದೊಡನೆ, ಉತ್ತರ ಭಾರತದವರು ಉಪವಾಸದ ದಿನ ಬಳಸುವ ಕುಟ್ಟು ಧಾನ್ಯ. ಹೊಲಗಳ ಬದುವಿನಲ್ಲಿ ಅಕ್ರೋಟಿನ ಮರಗಳು, ಎಲ್ಲಕ್ಕಿಂತ ಹೆಚ್ಚಾಗಿ ಏಪ್ರಿಕಾಟ್ ಮರಗಳು. ನಮ್ಮ ಅಂಗಡಿಗಳಲ್ಲಿ ಒಣಗಿದ ರೂಪದಲ್ಲಿ ಜರ್ದಾಳು ಎಂದು ಸಿಗುವುದು ಇದೇ ಹಣ್ಣು. ಊರಿನವರು ಇದನ್ನು ‘ಚುಲಿ’ ಎನ್ನುತ್ತಾರೆ. ಬೇಸಗೆಯಲ್ಲಿ ಮನೆಗಳ ಮಾಳಿಗೆಗಳ ಮೇಲೆ ಹಣ್ಣು ಒಣಹಾಕಿರುತ್ತಾರೆ. ಹಣ್ಣನ್ನು ತಿನ್ನುತ್ತಾರೆ, ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಓಡನ್ನು ಒಲೆಗೆ ಹಾಕುತ್ತಾರೆ. ಬಿಳಿಯ ಬೀಜದ ‘ರಕ್ತ್ಸೆ ಕರ್ಪೊ’ ಎಂಬ ಸಿಹಿತಳಿ ಲಡಾಖಿನ ಹೆಮ್ಮೆ. 2022ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಬೆಟ್ಟದಿಂದ ಇಳಿದು ಬರುವ ಒಂದು ಹಿಮಜಲದ ತೊರೆ ಊರನ್ನು ಎರಡು ಪಾಲು ಮಾಡಿದೆ. ಒಂದು ಪಾಲಿನ ಹೆಸರು ಯುಲ್, ಇನ್ನೊಂದರ ಹೆಸರು ಫರೋಲ್. ಯುಲ್ ಎಂದರೆ ಊರು. ಫರೋಲ್ ಎಂದರೆ ಆಚೆ ದಡ. ‘ಊರು’, ‘ಆಚೆ ದಡ’ ಎಂದು ಹೆಸರಿಡುವಾಗ ಆ ಜನರ ಮನಸ್ಸಿನಲ್ಲಿದ್ದ ಎಲ್ಲೆ ಇಷ್ಟೆ: ನಡುವೆ ಹರಿಯುವ ಒಂದು ತೊರೆ, ಅದರ ಮೇಲೊಂದು ಸೇತುವೆ. ಆ ತೊರೆಯ ನೀರನ್ನೇ ಸಣ್ಣ ಕಾಲುವೆಗಳಲ್ಲಿ ತಿರುಗಿಸಿ ಓಣಿ ಓಣಿಗೂ ಹೊಲ ಹೊಲಕ್ಕೂ ಹಾಯಿಸಿದ್ದಾರೆ. ಮಳೆ ಬಹಳ ಕಡಿಮೆಯಾದ ಆ ಸೀಮೆಯಲ್ಲಿ ಹಸಿರು ಎಷ್ಟು ದೂರ ಕಾಣುತ್ತದೆಯೋ ಅಷ್ಟು ದೂರ ಮನುಷ್ಯನ ಕೈ ನೀರನ್ನು ಒಯ್ದಿದೆ ಎಂದು ತಿಳಿಯಬೇಕು. ಇನ್ನೊಂದು ಜಾಣ್ಮೆಯನ್ನೂ ಹೇಳಬೇಕು. ಕಲ್ಲುಗಳನ್ನು ಸಂದು ಬಿಟ್ಟು ಜೋಡಿಸಿ, ಅರ್ಧ ನೆಲದೊಳಗೆ ಹುದುಗುವಂತೆ ಕಟ್ಟಿದ ಪುಟ್ಟ ಕೋಣೆಗಳು ಅಲ್ಲಿವೆ. ‘ನಂಗ್ಚುಂಗ್’ ಎಂದು ಅವುಗಳ ಹೆಸರು. ಕಲ್ಲಿನ ಸಂದುಗಳಿಂದ ಬರುವ ತಣ್ಣನೆಯ ಗಾಳಿ ಬೇಸಗೆಯಲ್ಲಿಯೂ ಬೆಣ್ಣೆ ಮಾಂಸಗಳನ್ನು ಕೆಡದಂತೆ ಕಾಯುತ್ತದೆ.

ಇನ್ನು ಚರಿತ್ರೆಗೆ ಬರೋಣ. ಈ ಊರು ಸೇರಿದ್ದು ಬಾಲ್ತಿಸ್ತಾನಕ್ಕೆ. ಇಲ್ಲಿಯ ಜನ ಬಾಲ್ತಿಗಳು. ಕೆಳಗಿನ ಖಪ್ಲುವಿನಿಂದ ಯಬ್ಗೊ ಎಂಬ ಮನೆತನ ಈ ಕಣಿವೆಯನ್ನು ಆಳುತ್ತಿತ್ತು. ಆ ಮನೆತನದ ಒಂದು ಹಳೆಯ ಮನೆ ತುರ್ತುಕ್‌ನಲ್ಲಿ ಈಗ ಸಣ್ಣದೊಂದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಜಮ್ಮುವಿನ ಡೋಗ್ರಾ ಸೇನಾನಿ ಜೋರಾವರ್ ಸಿಂಗ್ 1834ರಲ್ಲಿ ಲಡಾಖಿಗೆ ನುಗ್ಗಿದ. 1840ರಲ್ಲಿ ಬಾಲ್ತಿಸ್ತಾನವನ್ನೂ ಗೆದ್ದ. ಆ ಬಳಿಕ ಎರಡೂ ಸೀಮೆಗಳು ಜಮ್ಮು ಕಾಶ್ಮೀರದ ಮಹಾರಾಜರ ಆಡಳಿತಕ್ಕೆ ಒಳಪಟ್ಟವು. ಮುಂದೆ ಲೇಹ್, ಕಾರ್ಗಿಲ್, ಸ್ಕರ್ದು ಮೂರೂ ಒಂದೇ ಜಿಲ್ಲೆಯ ಮೂರು ತಾಲ್ಲೂಕುಗಳಾದವು. ಜಿಲ್ಲೆಯ ಕಚೇರಿ ಬೇಸಗೆಯಲ್ಲಿ ಲೇಹ್‌ನಲ್ಲಿ, ಚಳಿಗಾಲದಲ್ಲಿ ಸ್ಕರ್ದುವಿನಲ್ಲಿ ನಡೆಯುತ್ತಿತ್ತು. ಅಂದರೆ ಲೇಹ್ ಮತ್ತು ಸ್ಕರ್ದು ಒಂದೇ ಮನೆಯ ಎರಡು ಕೋಣೆಗಳಂತಿದ್ದವು. ಖಪ್ಲುವಿನಿಂದ ನುಬ್ರಾಕ್ಕೆ, ನುಬ್ರಾದಿಂದ ಕಾರಕೋರಂ ಕಣಿವೆಬಾಯಿಯನ್ನು ದಾಟಿ ಮಧ್ಯ ಏಷ್ಯದ ಯಾರ್ಕಂಡಿಗೆ ದಾರಿಯಿತ್ತು. ತುರ್ತುಕ್ ಆ ದಾರಿಯ ನಡುವಿನ ಊರು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಶತಮಾನಗಳ ಕಾಲ ಅದು ಯಾವುದರ ಕೊನೆಯೂ ಆಗಿರಲಿಲ್ಲ.

ಕೊನೆಯಾದದ್ದು 1947ರ ಬಳಿಕ. ಆ ವರ್ಷದ ನವೆಂಬರಿನಲ್ಲಿ ಗಿಲ್ಗಿಟ್ ಕೈತಪ್ಪಿತು. ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದುಕೊಂಡ ಸ್ಕರ್ದುವಿನ ಕೋಟೆ 1948ರ ಆಗಸ್ಟಿನಲ್ಲಿ ಬಿದ್ದಿತು. 1949ರ ಜನವರಿ 1ರಂದು ಕದನವಿರಾಮವಾಯಿತು. ಅದೇ ವರ್ಷದ ಜುಲೈಯಲ್ಲಿ ಕರಾಚಿಯಲ್ಲಿ ಕದನವಿರಾಮದ ಗೆರೆಯನ್ನು ಒಪ್ಪಿ ಬರೆದುಕೊಂಡರು. ಶ್ಯೋಕ್ ಕಣಿವೆಯಲ್ಲಿ ಆ ಗೆರೆ ಬೊಗ್ದಂಗ್‌ಗೂ ಚಲುಂಕಾಕ್ಕೂ ನಡುವೆ ಬಿದ್ದಿತು. ಬೊಗ್ದಂಗ್ ಭಾರತದ ಕೈಯಲ್ಲಿ ಉಳಿಯಿತು. ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಂಗ್ ಪಾಕಿಸ್ತಾನದ ಆಡಳಿತಕ್ಕೆ ಹೋದವು. ಒಂದೇ ಭಾಷೆಯ, ಒಂದೇ ಧರ್ಮದ, ಹೆಣ್ಣು ಕೊಟ್ಟು ತರುತ್ತಿದ್ದ ನೆರೆಯೂರುಗಳು ಪರಸ್ಪರ ಪರದೇಶವಾದವು. ಬೊಗ್ದಂಗ್ ಭಾರತದ ಕೊನೆಯ ಊರಾಯಿತು. ತುರ್ತುಕ್ ಪಾಕಿಸ್ತಾನದ ಕೊನೆಯ ಊರುಗಳಲ್ಲಿ ಒಂದಾಯಿತು.

ಎರಡನೆಯ ಬಾರಿ ಗೆರೆ ಕದಲಿದ್ದು 1971ರ ಡಿಸೆಂಬರಿನಲ್ಲಿ. ಪೂರ್ವದಲ್ಲಿ ಬಾಂಗ್ಲಾದೇಶ ಹುಟ್ಟುತ್ತಿದ್ದ ದಿನಗಳು ಅವು. ನಮ್ಮ ಪತ್ರಿಕೆಗಳ ಕಣ್ಣೆಲ್ಲ ಢಾಕಾದ ಕಡೆಗಿದ್ದಾಗ, ಈ ಕೊರೆಯುವ ಚಳಿಯ ಕಣಿವೆಯಲ್ಲಿ ಲಡಾಖಿನ ಯೋಧರ ಒಂದು ಪಡೆ ನದಿಯ ಜಾಡಿನಲ್ಲಿ ಕೆಳಗಿಳಿಯಿತು. ಅದರ ಮುಂದಾಳು ಮೇಜರ್ ಚೆವಾಂಗ್ ರಿಂಚೆನ್, ನುಬ್ರಾದ ಸುಮೂರ್ ಗ್ರಾಮದವರು. ಹದಿನೇಳರ ಹರೆಯದಲ್ಲಿ, 1948ರ ಯುದ್ಧದಲ್ಲಿಯೇ, ಮಹಾವೀರ ಚಕ್ರ ಪಡೆದಿದ್ದವರು. 1971ರ ಈ ಕಾರ್ಯಕ್ಕಾಗಿ ಅದೇ ಪ್ರಶಸ್ತಿಯನ್ನು ಎರಡನೆಯ ಬಾರಿ ಪಡೆದರು. ಡಿಸೆಂಬರ್ ಎರಡನೆಯ ವಾರದಿಂದ ಆರಂಭಿಸಿ ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಂಗ್ ಹೀಗೆ ಒಂದೊಂದೇ ಊರು ಭಾರತದ ವಶವಾಯಿತು. ಬಂದ ಸೈನಿಕರಾಡುತ್ತಿದ್ದ ಲಡಾಖಿ ಊರಿನವರ ಬಾಲ್ತಿಗೆ ಒಡಹುಟ್ಟಿದ ನುಡಿ. ಗೆದ್ದವರ ಮಾತು ಸೋತ ನೆಲದವರಿಗೆ ಪೂರ್ತಿ ಅಪರಿಚಿತವಾಗಿರಲಿಲ್ಲ ಎಂಬುದು ಯುದ್ಧಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಡಿಸೆಂಬರ್ 17ರ ರಾತ್ರಿ ಯುದ್ಧ ನಿಂತಾಗ ಸುಮಾರು 800 ಚದರ ಕಿಲೋಮೀಟರ್ ನೆಲ ಭಾರತದ ಕಡೆ ಬಂದಿತ್ತು.

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಅದೇ ಯುದ್ಧದಲ್ಲಿ ಪಂಜಾಬ್ ಮತ್ತು ಸಿಂಧ್‌ನ ಕಡೆ ಗೆದ್ದ ನೆಲವನ್ನು ಭಾರತ ಹಿಂದಿರುಗಿಸಿತು; ತುರ್ತುಕ್ ಏಕೆ ಉಳಿಯಿತು? ಉತ್ತರ 1972ರ ಜುಲೈ 2ರ ಶಿಮ್ಲಾ ಒಪ್ಪಂದದಲ್ಲಿದೆ. ಅಂತಾರಾಷ್ಟ್ರೀಯ ಗಡಿ ಇರುವ ಕಡೆ ಎರಡೂ ಸೇನೆಗಳು ಹಳೆಯ ಗಡಿಗೆ ಹಿಂದೆ ಸರಿಯಬೇಕು; ಜಮ್ಮು ಕಾಶ್ಮೀರದಲ್ಲಿ ಮಾತ್ರ 1971ರ ಡಿಸೆಂಬರ್ 17ರಂದು ಯಾರು ಎಲ್ಲಿದ್ದರೋ ಆ ರೇಖೆಯನ್ನೇ ಇಬ್ಬರೂ ಮನ್ನಿಸಬೇಕು ಎಂದು ಒಪ್ಪಿದರು. ನಿಯಂತ್ರಣ ರೇಖೆ ಎಂಬ ಹೆಸರು ಹುಟ್ಟಿದ್ದು ಆಗ. ಈ ನಿಯಮದಿಂದ ಜಮ್ಮುವಿನ ಛಂಬ್ ಭಾರತದ ಕೈತಪ್ಪಿತು, ತುರ್ತುಕ್ ಕೈಸೇರಿತು. ಲೆಕ್ಕದ ಪುಸ್ತಕದಲ್ಲಿ ಒಂದು ಜಮೆ, ಒಂದು ಖರ್ಚು. ಆದರೆ ಜಮೆಯಾದದ್ದೂ ಖರ್ಚಾದದ್ದೂ ಮನುಷ್ಯರಿದ್ದ ಊರುಗಳು.

ಆ ಹೊಸ ಗೆರೆ ಮಾಡಿದ ಕೆಲಸವನ್ನು ನೋಡಿ. 1949ರಲ್ಲಿ ಅಗಲಿದ್ದ ಬೊಗ್ದಂಗಿನ ನೆಂಟರು ಇಪ್ಪತ್ತೆರಡು ವರ್ಷಗಳ ಮೇಲೆ ತುರ್ತುಕ್‌ನವರಿಗೆ ಮತ್ತೆ ದೊರೆತರು. ಅದೇ ಗಳಿಗೆಯಲ್ಲಿ ಖಪ್ಲು, ಸ್ಕರ್ದುಗಳಲ್ಲಿದ್ದ ನೆಂಟರು ಅಗಲಿದರು. ಓದಲು ಹೋದ ಮಗ, ಕೂಲಿಗೆಂದು ಹೋದ ಗಂಡ, ತಂಗಿಯ ಮನೆಗೆ ಹೋದ ಅಕ್ಕ, ಡಿಸೆಂಬರಿನ ಆ ವಾರ ಯಾರು ಎಲ್ಲಿದ್ದರೋ ಅವರು ಅಲ್ಲಿಯವರಾಗಿಬಿಟ್ಟರು. ಥಂಗ್‌ನಿಂದ ನೋಡಿದರೆ ಗೆರೆಯಾಚೆಯ ಫರ್ನೂ ಎಂಬ ಹಳ್ಳಿಯ ಹೊಲಮನೆಗಳು ಕಣ್ಣಿಗೆ ಕಾಣುತ್ತವೆ. ಕಾಣುವ ಆ ಊರನ್ನು ತಲುಪಬೇಕಾದರೆ ಲೇಹ್, ದೆಹಲಿ, ಅಮೃತಸರ, ಲಾಹೋರ್, ಅಲ್ಲಿಂದ ಮತ್ತೆ ಉತ್ತರದ ಪರ್ವತಗಳನ್ನೇರಿ ಸ್ಕರ್ದು, ಖಪ್ಲು ಹೀಗೆ ಸಾವಿರಾರು ಕಿಲೋಮೀಟರ್ ಸುತ್ತಬೇಕಿತ್ತು. ಅದೂ ಎರಡು ಸರಕಾರಗಳು ರಹದಾರಿ ಕೊಟ್ಟರೆ.

1940ರ ಸುಮಾರಿಗೆ ತುರ್ತುಕ್‌ನಲ್ಲಿ ಹುಟ್ಟಿದ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಹುಟ್ಟಿದಾಗ ಮಹಾರಾಜ ಹರಿಸಿಂಗರ ಪ್ರಜೆ. ಬಾಲ್ಯ ಕಳೆಯುವ ಮೊದಲೇ ಪಾಕಿಸ್ತಾನದ ಆಡಳಿತ. ಮೂವತ್ತರ ವಯಸ್ಸಿನಲ್ಲಿ ಭಾರತದ ಜಮ್ಮು ಕಾಶ್ಮೀರ ರಾಜ್ಯ. ಎಂಬತ್ತರ ಹೊಸ್ತಿಲಲ್ಲಿ, 2019ರ ಅಕ್ಟೋಬರ್ 31ರಿಂದ, ಲಡಾಖ್ ಎಂಬ ಕೇಂದ್ರಾಡಳಿತ ಪ್ರದೇಶ. ಇಷ್ಟೆಲ್ಲ ಆಗುವಾಗ ಅವನು ಮನೆ ಬದಲಿಸಿಲ್ಲ. ಅದೇ ಚುಲಿಯ ಮರ, ಅದೇ ತೊರೆ.

ಹಾಗಾದರೆ ಈ ಜನ ತಮ್ಮನ್ನು ಯಾರೆಂದು ತಿಳಿದುಕೊಂಡಿದ್ದಾರೆ? ಭಾಷೆ ಸಾಹಿತ್ಯಗಳನ್ನು ಪಾಠ ಹೇಳಿಕೊಂಡು ಬಂದ ನನಗೆ ಇದಕ್ಕೆ ಉತ್ತರ ಅವರ ನುಡಿಯಲ್ಲಿ ಸಿಕ್ಕಿತು. ನಿವೃತ್ತನಾದ ಬಳಿಕ ಒಂದು ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಶಾಲೆಯಿಂದ ಬರುತ್ತಿದ್ದ ಒಬ್ಬ ಹುಡುಗನಿಂದ ಹತ್ತರವರೆಗೆ ಎಣಿಸಿ ಹೇಳಿಸಿದೆ. ಮೂರಕ್ಕೆ ಅವನು ‘ಖ್ಸುಮ್’ ಎಂದ. ನಾಲ್ಕಕ್ಕೆ ‘ಬ್ಜಿ’ ಎಂದ. ಏಳಕ್ಕೆ ‘ಬ್ದುನ್’ ಎಂದ. ಬಾಲ್ತಿಯು ಟಿಬೆಟನ್ ಭಾಷೆಯ ಬಳಗಕ್ಕೆ ಸೇರಿದ್ದು. ಟಿಬೆಟ್ಟಿನ ಪ್ರಾಚೀನ ಗ್ರಂಥಗಳಲ್ಲಿ ಏಳು ಎಂಬುದನ್ನು ‘ಬ್ದುನ್’ ಎಂದೇ ಬರೆಯುತ್ತಾರೆ. ಆದರೆ ಇಂದು ಲ್ಹಾಸಾದಲ್ಲಿ ಆ ಮೊದಲ ‘ಬ’ಕಾರವನ್ನು ಯಾರೂ ಉಚ್ಚರಿಸುವುದಿಲ್ಲ. ಬರಹದಲ್ಲಿ ಇದೆ, ಬಾಯಲ್ಲಿ ಇಲ್ಲ. ನಮ್ಮ ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿರುವಂತೆ, ಕಾಲದ ಸವೆತದಲ್ಲಿ ಅದು ಅಳಿಯಿತು. ಬಾಲ್ತಿಗಳಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಇಸ್ಲಾಂ ಬಂದ ಮೇಲೆ ಅವರು ಟಿಬೆಟನ್ ಲಿಪಿಯನ್ನು ಬಿಟ್ಟು ಪರ್ಷಿಯನ್ ಲಿಪಿಯನ್ನು ಹಿಡಿದರು. ಲಿಪಿಯನ್ನು ಉಳಿಸಿಕೊಂಡವರು ಆ ಉಚ್ಚಾರವನ್ನು ಕಳೆದುಕೊಂಡರು. ಲಿಪಿಯನ್ನು ಕಳೆದುಕೊಂಡವರು ಉಚ್ಚಾರವನ್ನು ಉಳಿಸಿಕೊಂಡರು. ಸಾವಿರ ವರ್ಷಗಳ ಹಿಂದಿನ ಟಿಬೆಟ್ಟಿನ ನುಡಿ ಹೇಗೆ ಕೇಳಿಸುತ್ತಿತ್ತೆಂದು ತಿಳಿಯಬಯಸುವ ಭಾಷಾಶಾಸ್ತ್ರಜ್ಞರು ಈ ಮುಸಲ್ಮಾನ ರೈತರ ಮಾತಿಗೆ ಕಿವಿಗೊಡುತ್ತಾರೆ. ಜಗತ್ತಿಗೆಲ್ಲ ಪರಿಚಿತವಾದ ‘ಪೋಲೋ’ ಎಂಬ ಆಟದ ಹೆಸರೂ ಬಾಲ್ತಿಯಿಂದಲೇ ಬಂದದ್ದು. ಅಲ್ಲಿ ಅದಕ್ಕೆ ಚೆಂಡು ಎಂದರ್ಥ.

ಧರ್ಮದ ವಿಷಯದಲ್ಲಿಯೂ ಇಂಥದೇ ಒಂದು ಸಾತತ್ಯವಿದೆ. ಒಂದು ಕಾಲಕ್ಕೆ ಬೌದ್ಧರಾಗಿದ್ದ ಈ ಜನ ಕಾಶ್ಮೀರದ ಕಡೆಯಿಂದ ಬಂದ ಸೂಫಿ ಸಾಧುಗಳ ಪ್ರಭಾವದಿಂದ ಇಸ್ಲಾಮನ್ನು ಸ್ವೀಕರಿಸಿದರು. ತುರ್ತುಕ್‌ನಲ್ಲಿ ಹೆಚ್ಚಿನವರು ನೂರ್‌ಬಕ್ಷಿಯಾ ಎಂಬ ಸೂಫಿ ಪಂಥದವರು. ಆದರೂ ಟಿಬೆಟ್, ಲಡಾಖ್‌ಗಳಲ್ಲೆಲ್ಲ ಹಾಡುವ ಕೇಸರ್ ಎಂಬ ವೀರನ ಕಥೆಯನ್ನು ಬಾಲ್ತಿಗಳೂ ತಮ್ಮದೆಂದೇ ಹಾಡಿಕೊಂಡು ಬಂದರು. ಜೈನನಾದ ಪಂಪ ಭಾರತದ ಕಥೆ ಹೇಳಿದ ನಾಡಿನವರಿಗೆ, ಶಿಶುನಾಳ ಷರೀಫರ ಪದಗಳನ್ನು ಹಾಡಿಕೊಳ್ಳುವವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

1999ರ ಕಾರ್ಗಿಲ್ ಯುದ್ಧದ ಬಿಸಿ ಈ ಕಣಿವೆಯನ್ನೂ ತಟ್ಟಿತು. ತುರ್ತುಕ್ ಭಾಗದ ಎತ್ತರದ ಶಿಖರಗಳಲ್ಲಿ ಹೋರಾಡುತ್ತ ಆ ವರ್ಷದ ಜೂನ್‌ನಲ್ಲಿ ಮಡಿದ ಕ್ಯಾಪ್ಟನ್ ಹನೀಫುದ್ದೀನ್ ಅವರ ಹೆಸರನ್ನು ಅಲ್ಲಿಯ ಸೈನಿಕ ವಿಭಾಗವೊಂದಕ್ಕೆ ಇಟ್ಟಿದ್ದಾರೆ. 2010ರಲ್ಲಿ ಸರಕಾರ ಪ್ರವಾಸಿಗಳಿಗೆ ಈ ಊರಿನ ಬಾಗಿಲು ತೆರೆಯಿತು. ಅಂದಿನಿಂದ ಅತಿಥಿಗೃಹಗಳು ಎದ್ದಿವೆ. ಕುಟ್ಟಿನ ಹಿಟ್ಟಿನ ‘ಕಿಸಿರ್’ ಎಂಬ ದೋಸೆ ಊಟದ ಪಟ್ಟಿಗಳನ್ನು ಸೇರಿದೆ. ಹುಡುಗರಿಗೆ ಊರಿನಲ್ಲಿಯೇ ನಾಲ್ಕು ಕಾಸು ಕಾಣುವಂತಾಗಿದೆ. ಇದು ಒಳ್ಳೆಯದೇ. ಆದರೆ ಬರುವವರಲ್ಲಿ ಬಹಳ ಮಂದಿ ‘ಭಾರತದ ಕೊನೆಯ ಊರು’ ನೋಡಲು ಬರುತ್ತಾರೆ. ದುರ್ಬೀನು ಹಿಡಿದು ಆಚೆಯ ಹಳ್ಳಿಯನ್ನು ನೋಡಿ ‘ಅದೋ ಪಾಕಿಸ್ತಾನ’ ಎಂದು ಹಿಗ್ಗುತ್ತಾರೆ. ಪಕ್ಕದಲ್ಲಿ ನಿಂತ ಊರಿನವನಿಗೆ ಅದು ಸೋದರಮಾವನ ಮನೆಯ ಮಾಳಿಗೆ ಇರಬಹುದು ಎಂಬುದು ನಮಗೆ ಹೊಳೆಯುವುದಿಲ್ಲ.

ಕನ್ನಡಿಗರಾದ ನಮಗೂ ಗಡಿಯ ನೋವು ಹೊಸದಲ್ಲ. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು 1956ರಲ್ಲಿ ಒಂದಾದಾಗಲೂ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಗೆರೆಯಾಚೆ ಉಳಿದರು. ಆದರೆ ಆ ಗೆರೆಯನ್ನು ಬಸ್ಸು ದಾಟುತ್ತದೆ. ಮದುವೆಯ ದಿಬ್ಬಣ ದಾಟುತ್ತದೆ. ಸಾವಿನ ಸುದ್ದಿ ಬಂದರೆ ಸಂಜೆಯೊಳಗೆ ಹೋಗಿ ಮುಖ ನೋಡಬಹುದು. ತುರ್ತುಕ್‌ನವರ ಗೆರೆಯಲ್ಲಿ ಇದಾವುದೂ ಇಲ್ಲ. ಮಕ್ಕಾ ಯಾತ್ರೆಗೆ ಹೋದಾಗ ಅಗಲಿದ ಅಣ್ಣತಮ್ಮಂದಿರು ಅಲ್ಲಿ ಕಂಡು ಅತ್ತದ್ದುಂಟು. ಊರಿಗೆ ಅಂತರಜಾಲ ಬಂದ ಮೇಲೆ ಮೊಮ್ಮಕ್ಕಳು ಕೈಫೋನಿನ ಪರದೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿದ್ದುಂಟು. ಸುತ್ತುಬಳಸಿನದಾದರೂ ಒಂದು ದಾರಿಯೆಂಬುದಿತ್ತಲ್ಲ, ಆ ಅಟ್ಟಾರಿಯ ಬಾಗಿಲೂ ಪಹಲ್ಗಾಮ್‌ನ ಹತ್ಯಾಕಾಂಡದ ಬಳಿಕ 2025ರಲ್ಲಿ ಮುಚ್ಚಿತು. ದೇಶಗಳ ರಕ್ಷಣೆಯ ವಿಚಾರ ದೇಶ ಆಳುವವರಿಗೆ ಬಿಟ್ಟದ್ದು. ಅದರ ತೂಕ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಮುಚ್ಚಿದ ಪ್ರತಿಯೊಂದು ಬಾಗಿಲಿನ ಬೆಲೆಯನ್ನು ಮೊದಲು ತೆರುವವರು ಯಾರು ಎಂಬುದು ಓದುಬರಹ ಬಲ್ಲ ನಮಗೆ ತಿಳಿದಿರಬೇಕು.

1971ರಲ್ಲಿ ಅಗಲಿದಾಗ ಇಪ್ಪತ್ತರ ಪ್ರಾಯದವರಾಗಿದ್ದವರು ಈಗ ಎಪ್ಪತ್ತನ್ನು ಎಂದೋ ದಾಟಿದ್ದಾರೆ. ಆಚೆ ದಡದವರ ಮುಖವನ್ನು ನೆನಪಿನಿಂದ ಗುರುತಿಸಬಲ್ಲ ತಲೆಮಾರು ಇನ್ನು ಹೆಚ್ಚು ಕಾಲ ಇರುವುದಿಲ್ಲ. ಅವರ ಬಳಿಕ ಉಳಿಯುವುದು ಹೆಸರುಗಳು, ಹಾಡುಗಳು, ‘ಬ್ದುನ್’ ಎಂದು ಎಣಿಸುವ ಮಕ್ಕಳು. ಕೇಳುಗರಲ್ಲಿ ಯಾರಾದರೂ ಆ ಕಡೆ ಹೋಗುವುದಾದರೆ ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಗಡಿ ಎಲ್ಲಿದೆ ಎಂದು ಅಲ್ಲಿಯವರನ್ನು ಕೇಳಬೇಡಿ; ಅದನ್ನು ತೋರಿಸಲು ಫಲಕಗಳಿವೆ. ನಿಮ್ಮ ನೆಂಟರು ಯಾವ ಯಾವ ಊರುಗಳಲ್ಲಿದ್ದಾರೆ ಎಂದು ಕೇಳಿ. ಅವರು ಒಂದೊಂದಾಗಿ ಹೆಸರು ಹೇಳುತ್ತ ಹೋದಂತೆ ತುರ್ತುಕ್ ನಿಜವಾಗಿ ಎಷ್ಟು ದೊಡ್ಡ ಸೀಮೆಯ ನಡುವೆ ಕುಳಿತಿದೆ ಎಂಬುದು ನಿಮಗೇ ತಿಳಿಯುತ್ತದೆ.